ಮುನ್ನೂರ ಒಂಬತ್ತು

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಅಜ್ಜ ಎತ್ತಿನ ಬಾಯಿ ಬಿಡಿಸುತ್ತಿದ್ದ ರೀತಿ ಡಾಕ್ಟರಮ್ಮನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗೈಯಲ್ಲಿ ಮೂಗುದಾರ, ಬಲಗೈ ಹೆಬ್ಬೆರಳು ಕೆಳದುಟಿಯ ಒಳಗೆ. ನೋಡುತ್ತಿದ್ದದ್ದು ಒಂದು ಗಳಿಗೆ ಮಾತ್ರ. "ನಾಕಲ್ಲು" ಎಂದೋ "ಬಾಯಿಗೂಡಿದೆ" ಎಂದೋ ಹೇಳಿ ಪಂಚೆಗೆ ಕೈ ಒರೆಸಿಕೊಂಡರೆ ವ್ಯಾಪಾರದ ಅರ್ಧ ಮಾತು ಮುಗಿದಂತೆ. ದನಕ್ಕೆ ಮೇಲ್ದವಡೆಯಲ್ಲಿ ಬಾಚಿಹಲ್ಲೇ ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಎರಡೆರಡಾಗಿ ಬಿದ್ದು ದೊಡ್ಡ ಹಲ್ಲು ಬಂದ ಲೆಕ್ಕದಲ್ಲಿ ವಯಸ್ಸು ಹೇಳುವುದು ರೈತರಿಗೆ ಗೊತ್ತಿದ್ದ ವಿದ್ಯೆ. ಸಂಕ್ರಾಂತಿ ಹೊತ್ತಿನ ಆ ಚಳಿಯಲ್ಲಿ ಅಜ್ಜನ ಪಂಚೆ ಹಿಡಿದು ನಿಂತ ಹುಡುಗಿಗೆ ಬಾಯಿ ಎಂದರೆ ಓದಬಹುದಾದ ವಸ್ತು ಎಂದು ತಿಳಿದದ್ದು ಅಲ್ಲಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸೇರಿದಾಗ ಅಜ್ಜನ ಲೆಕ್ಕವೇ ಪುಸ್ತಕದಲ್ಲಿ ಎದುರಾಯಿತು. ಅದರ ಜೊತೆಗೆ ಹೊಸ ಲೆಕ್ಕಗಳೂ ಬಂದವು. ನಾಯಿಮರಿಗೆ 28 ಹಾಲುಹಲ್ಲು, ಬೆಳೆದ ನಾಯಿಗೆ 42 ಹಲ್ಲು. ಬೆಕ್ಕಿನ ಮರಿಗೆ 26, ದೊಡ್ಡದಕ್ಕೆ 30. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದದ್ದಾಯಿತು. ಹಲ್ಲು ಎಷ್ಟಿವೆ ಎಂಬುದಕ್ಕಿಂತ, ಅವನ್ನು ಹಿಡಿದಿರುವ ವಸಡು, ನಾರು, ಮೂಳೆ ಎಷ್ಟು ಉಳಿದಿವೆ ಎಂಬುದು ದೊಡ್ಡ ಪ್ರಶ್ನೆ ಎಂದು ಅವರಿಗೆ ಅರ್ಥವಾಗಲು ಹಲವು ವರ್ಷ ಹಿಡಿದವು. ಅದಕ್ಕೆ ಒಂದು ಸಣ್ಣ ನಾಯಿ ತೆತ್ತ ಬೆಲೆಯೂ ಸಣ್ಣದಲ್ಲ.

ಮೈಸೂರಿನಲ್ಲಿ ಮನೆಯ ಕಾರ್ ಶೆಡ್ಡನ್ನೇ ಕ್ಲಿನಿಕ್ ಮಾಡಿಕೊಂಡಿದ್ದ ಕಾಲದ ರಿಜಿಸ್ಟರುಗಳನ್ನು ಅವರು ಎಸೆದಿಲ್ಲ. ರಟ್ಟಿನ ಹೊದಿಕೆ, ಅಂಚು ಜಿರಲೆ ತಿಂದ ಹಾಳೆಗಳು. ಹಲ್ಲಿನ ಸಂಗತಿ ಬಂದಲ್ಲೆಲ್ಲ ಒಂದೇ ಸಾಲು: "ಬಾಯಿ ವಾಸನೆ. ಸ್ಕೇಲಿಂಗ್ ಮಾಡಿದೆ." ಯಾವ ಹಲ್ಲು, ಎಷ್ಟು ಆಳ, ಅಲುಗಾಡುತ್ತಿತ್ತೇ, ಒಂದೂ ಇಲ್ಲ. ಆರು ತಿಂಗಳ ನಂತರ ಅದೇ ನಾಯಿ ಬಂದರೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಲು ಏನೂ ಆಧಾರವಿರಲಿಲ್ಲ. ಕಂದುಗಟ್ಟಿದ ಕಿಟ್ಟ ಒಡೆದು ಉದುರಿಸಿ, ಹಲ್ಲು ಬೆಳ್ಳಗಾದದ್ದನ್ನು ತೋರಿಸಿದರೆ ಮನೆಯವರಿಗೂ ಖುಷಿ, ಡಾಕ್ಟರಮ್ಮನಿಗೂ ಸಮಾಧಾನ.

1996ರ ಒಂದು ಪುಟದಲ್ಲಿ ಪಿಂಕಿ ಇದ್ದಾಳೆ. ಹನ್ನೊಂದು ವರ್ಷದ ಪಾಮೇರಿಯನ್, ನಾಲ್ಕು ಕೆ.ಜಿ. ತೂಕ. ಹಿಂದಿನ ಬೀದಿಯ ಅಮ್ಮ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಕಿಟ್ಟ ತೆಗೆದ ಮೇಲೆ ಕೆಳಗಿನ ಎಡದವಡೆಯ ದೊಡ್ಡ ಹಲ್ಲು ಅಲುಗಾಡುತ್ತಿರುವುದು ಕಂಡಿತು. ಅಲುಗಾಡುವ ಹಲ್ಲು ಸುಲಭವಾಗಿ ಬರುತ್ತದೆ ಎಂದುಕೊಂಡು ಡಾಕ್ಟರಮ್ಮ ಇಕ್ಕಳ ಹಿಡಿದು ತಿರುಗಿಸಿದರು. ಲಟಕ್ ಎಂದಿತು. ಹಲ್ಲು ಕೈಗೆ ಬಂತು. ಅದರೊಂದಿಗೆ ದವಡೆಯೂ ಎರಡಾಗಿತ್ತು.

ಮೇಜಿನ ಅಂಚು ಹಿಡಿದು ನಿಂತದ್ದು ಅವರಿಗೆ ನೆನಪಿದೆ. ಆಮೇಲೆ ಓದಿ ತಿಳಿದ ಕಾರಣ ಇದು: ನಾಯಿ ಎಷ್ಟು ಚಿಕ್ಕದೋ ಅದರ ದವಡೆಯ ಎತ್ತರಕ್ಕೆ ಹೋಲಿಸಿದರೆ ಕೆಳಗಿನ ಮೊದಲನೇ ದವಡೆಹಲ್ಲು ಅಷ್ಟು ದೊಡ್ಡದು. ಎರಡು ಬೇರುಗಳೂ ದವಡೆಯ ಕೆಳ ಅಂಚಿನ ತೀರ ಹತ್ತಿರಕ್ಕೆ ಇಳಿದಿರುತ್ತವೆ. ಸೋಂಕು ಬೇರಿನ ಸುತ್ತ ಇಳಿಯುತ್ತ ಮೂಳೆಯನ್ನು ತಿಂದುಹಾಕಿದರೆ ಉಳಿಯುವುದು ಮೊಟ್ಟೆಯ ಸಿಪ್ಪೆಯಂಥ ಅಂಚು. ಪಿಂಕಿಯ ದವಡೆಯಲ್ಲಿ ಆ ಜಾಗದ ಮೂಳೆ ಬಹುಪಾಲು ಮೊದಲೇ ಹೋಗಿತ್ತು. ಒಂದು ಎಕ್ಸ್-ರೇ ಇದ್ದಿದ್ದರೆ, ಅಥವಾ ಹಲ್ಲಿನ ಸುತ್ತ ಒಂದು ಸಣ್ಣ ಅಳತೆಕಡ್ಡಿ ಇಳಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಎರಡೂ ಇರಲಿಲ್ಲ.

ಬಾಯಿಗೆ ಪಟ್ಟಿ ಕಟ್ಟಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದ ಗಂಜಿಯನ್ನು ಅಮ್ಮ ಎರಡು ತಿಂಗಳು ಸಿರಿಂಜಿನಲ್ಲಿ ಕುಡಿಸಿದರು. ದವಡೆ ಸೊಟ್ಟಗೆ ಕೂಡಿಕೊಂಡಿತು. ನಾಲಿಗೆ ಎಡಕ್ಕೆ ಜೋತುಬಿದ್ದದ್ದು ಕೊನೆಯವರೆಗೂ ಹಾಗೇ ಉಳಿಯಿತು. "ಬಿಡಿ ಡಾಕ್ಟರಮ್ಮ, ಅದಕ್ಕೂ ವಯಸ್ಸಾಗಿತ್ತು" ಎಂದು ಅಮ್ಮ ಹೇಳಿದ್ದರು. ವಯಸ್ಸಿನ ಮೇಲೆ ಹಾಕಬಹುದಾದ ತಪ್ಪು ಅದಲ್ಲ ಎಂದು ಡಾಕ್ಟರಮ್ಮನಿಗೆ ಗೊತ್ತಿತ್ತು.

ಕೆಲವು ವರ್ಷಗಳ ನಂತರ ಒಂದು ತರಬೇತಿಯಲ್ಲಿ ಅವರ ಕೈಗೆ ಒಂದು ಹಾಳೆ ಸಿಕ್ಕಿತು. ನಾಯಿಯ 42 ಹಲ್ಲುಗಳ ಚಿತ್ರ, ಹೊರಬದಿ ಒಂದು ಸಾಲು, ಒಳಬದಿ ಇನ್ನೊಂದು ಸಾಲು, ಪ್ರತಿ ಹಲ್ಲಿಗೂ ಮೂರಂಕಿಯ ಸಂಖ್ಯೆ. ಟ್ರಯಡನ್ ಪದ್ಧತಿ ಎಂದು ಇದರ ಹೆಸರು. ಪ್ರಾಣಿಗಳಿಗೆ ಹೊಂದಿಸಿದ ಅದರ ರೂಪವನ್ನು ಫ್ಲಾಯ್ಡ್ ಎಂಬುವರು 1991ರಲ್ಲಿ ಪಶುದಂತವೈದ್ಯದ ಪತ್ರಿಕೆಯಲ್ಲಿ ವಿವರಿಸಿದರು. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು ಹೇಳುತ್ತದೆ. ಮೇಲೆ ಬಲಗಡೆ 1, ಮೇಲೆ ಎಡಗಡೆ 2, ಕೆಳಗೆ ಎಡಗಡೆ 3, ಕೆಳಗೆ ಬಲಗಡೆ 4. ಎಡ-ಬಲವೆಲ್ಲ ಪ್ರಾಣಿಯದು, ನೋಡುವವರದಲ್ಲ. ಮುಂದಿನ ಎರಡು ಅಂಕಿ ನಡುಗೆರೆಯಿಂದ ಹಿಂದಕ್ಕೆ ಎಣಿಸಿದ ಸ್ಥಾನ. ಕೋರೆಹಲ್ಲು ಯಾವಾಗಲೂ 04, ಮೊದಲ ದವಡೆಹಲ್ಲು ಯಾವಾಗಲೂ 09. ಈ ಎರಡು ಗೂಟ ನೆಟ್ಟರೆ ಉಳಿದ ಹಲ್ಲುಗಳ ನಂಬರು ತಾನೇ ಬರುತ್ತದೆ.

ಈ ಲೆಕ್ಕದ ಚಂದ ಬೆಕ್ಕಿನಲ್ಲಿ ಕಾಣುತ್ತದೆ. ಬೆಕ್ಕಿಗೆ ಮುಂದವಡೆಯ ಹಲ್ಲುಗಳು ಕಡಿಮೆ. ಆದರೂ ಇರುವವನ್ನು ಒಂದರಿಂದ ಎಣಿಸುವುದಿಲ್ಲ. ಇಲ್ಲದ ಹಲ್ಲುಗಳ ನಂಬರನ್ನು ಖಾಲಿ ಬಿಡುತ್ತಾರೆ. ಮೇಲೆ ಕೋರೆಹಲ್ಲು ಆದ ಮೇಲೆ 106ಕ್ಕೆ ಜಿಗಿತ, ಕೆಳಗೆ 307ಕ್ಕೆ. ಹಾಗಾಗಿ ಮಾಂಸ ಕತ್ತರಿಸುವ ದೊಡ್ಡ ಹಲ್ಲು ಬೆಕ್ಕಾದರೂ ನಾಯಿಯಾದರೂ ಮೇಲೆ 108, ಕೆಳಗೆ 309. ಹಾಳೆಯ ಮೇಲೆ 309 ಎಂದು ಬೆರಳಿಟ್ಟಾಗ ಡಾಕ್ಟರಮ್ಮನಿಗೆ ಪಿಂಕಿಯ ಹಲ್ಲಿಗೂ ಒಂದು ಹೆಸರಿತ್ತು ಎಂದು ತಿಳಿಯಿತು.

ಹಾಳೆ ತುಂಬಿಸಲು ಬೇಕಾದ ಸಾಧನ ಪ್ರೋಬ್. ಪೆನ್ಸಿಲಿನಂತೆ ಹಿಡಿಯುವ ಉಕ್ಕಿನ ಕಡ್ಡಿ, ಮೊಂಡು ತುದಿ, ಅದರ ಮೇಲೆ ಮಿಲಿಮೀಟರ್ ಗೆರೆಗಳು. ವಿಲಿಯಮ್ಸ್ ಮಾದರಿಯಲ್ಲಿ 1, 2, 3, 5, 7, 8, 9, 10ಕ್ಕೆ ಗೆರೆ. ಗಡಿಬಿಡಿಯಲ್ಲಿ ಎಣಿಕೆ ತಪ್ಪದಿರಲೆಂದು 4 ಮತ್ತು 6ನ್ನು ಬಿಟ್ಟಿದ್ದಾರೆ. ಅದನ್ನು ವಸಡಿಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಮೆಲ್ಲಗೆ ಇಳಿಸಿ, ಹಲ್ಲಿನ ಸುತ್ತ ನಡೆಸಬೇಕು. ಹೊರಗೆ ಮೂರು ಕಡೆ, ಒಳಗೆ ಮೂರು ಕಡೆ, ಒಟ್ಟು ಆರು ಅಳತೆ. ಎಷ್ಟು ಒತ್ತಬೇಕು ಎಂದರೆ, ನಿಮ್ಮ ಹೆಬ್ಬೆರಳ ಉಗುರಿನ ಸಂದಿಗೆ ಅದೇ ಕಡ್ಡಿ ಒತ್ತಿದರೆ ನೋಯಬಾರದು, ಅಷ್ಟು. ಆರೋಗ್ಯವಂತ ನಾಯಿಯಲ್ಲಿ 3 ಮಿ.ಮೀ. ಒಳಗೆ ನಿಲ್ಲಬೇಕು. ಬೆಕ್ಕಿನಲ್ಲಿ ಅರ್ಧ, ಹೆಚ್ಚೆಂದರೆ 1 ಮಿ.ಮೀ. ನಾಯಿಯಲ್ಲಿ ಕಣ್ಣೆತ್ತಿ ನೋಡದೆ ಬಿಡುವ 2 ಮಿ.ಮೀ. ಬೆಕ್ಕಿನ ಬಾಯಲ್ಲಿ ರೋಗದ ಗುರುತು.

ಆಳ ಒಂದೇ ಸಾಲದು. ವಸಡು ಎಷ್ಟು ಕೆಳಗೆ ಸರಿದಿದೆ, ಬೇರುಗಳು ಕವಲೊಡೆಯುವ ಕಡೆ ಕಡ್ಡಿ ಎಷ್ಟು ತೂರುತ್ತದೆ, ಹಲ್ಲು ಎಷ್ಟು ಅಲುಗುತ್ತದೆ, ಎಲ್ಲವನ್ನೂ ಬರೆಯಬೇಕು. ಕವಲಿನಲ್ಲಿ ಕಡ್ಡಿ ಅರ್ಧಕ್ಕಿಂತ ಕಡಿಮೆ ತೂರಿದರೆ ಎಫ್1, ಅರ್ಧ ದಾಟಿದರೆ ಎಫ್2, ಈಚೆಯಿಂದ ಆಚೆಗೆ ಬಂದರೆ ಎಫ್3. ಅರ್ಧ ಮಿಲಿಮೀಟರಿನವರೆಗೆ ಅಲುಗಾಡಿದರೆ ಎಂ1, ಒಂದರವರೆಗೆ ಎಂ2, ಅದನ್ನೂ ಮೀರಿದರೆ ಅಥವಾ ಹಲ್ಲು ಮೇಲೆ ಕೆಳಗೆ ಕುಣಿದರೆ ಎಂ3. ಇಷ್ಟನ್ನೂ ಕೂಡಿಸಿ, ಎಕ್ಸ್-ರೇ ಜೊತೆಗಿಟ್ಟು ಪ್ರತಿ ಹಲ್ಲಿನ ರೋಗದ ಹಂತ ಹೇಳುತ್ತಾರೆ. ವಸಡು ಊದಿ ಕೆಂಪಾಗಿದ್ದು ಆಧಾರ ಹೋಗಿಲ್ಲವಾದರೆ ಮೊದಲ ಹಂತ. ಅದು ಪೂರ್ತಿ ವಾಸಿಯಾಗಬಲ್ಲದು. ಆಧಾರ ಕಾಲುಭಾಗದೊಳಗೆ ಹೋಗಿದ್ದರೆ ಎರಡು, ಅರ್ಧದವರೆಗೆ ಮೂರು, ಅರ್ಧ ಮೀರಿದರೆ ನಾಲ್ಕು. ಒಮ್ಮೆ ಕಳೆದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಹಾಗಾಗಿ ಒಂದಕ್ಕೂ ಎರಡಕ್ಕೂ ನಡುವಿನ ಗೆರೆ ಡಾಕ್ಟರಮ್ಮನ ಪ್ರಕಾರ ಈ ಹಾಳೆಯ ಅತಿ ಮುಖ್ಯ ಗೆರೆ.

ಇಷ್ಟೆಲ್ಲ ಅಳೆಯುತ್ತ ಅದೇ ಕೈಯಲ್ಲಿ ಬರೆಯಲಾಗುವುದಿಲ್ಲ. ಒಬ್ಬರು ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಕ್ಲಿನಿಕ್ಕಿನ ಕಾಂಪೌಂಡರ್ ಹುಡುಗ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವನು. ಎರಡೇ ವಾರದಲ್ಲಿ ಹಾಳೆಯನ್ನು ಕಣ್ಣು ಮುಚ್ಚಿ ಹೇಳುವಷ್ಟು ಕಲಿತ. "ಹೊರಗೆ ಎರಡು, ಎರಡು, ಮೂರು" ಎಂದು ಡಾಕ್ಟರಮ್ಮ ಕೂಗಿ ಮುಂದಿನ ಹಲ್ಲಿಗೆ ಹೊರಟರೆ, "ಒಳಗಡೆ ಹೇಳಿಲ್ಲ ಮೇಡಂ" ಎಂದು ತಡೆಯುತ್ತಿದ್ದ. ಖಾಲಿ ಚೌಕ ಬಿಡಲು ಅವನು ಒಪ್ಪುತ್ತಿರಲಿಲ್ಲ.

ಆ ಹಟ ಒಂದು ನಾಯಿಯ ಪಾಲಿಗೆ ದೊಡ್ಡದಾಯಿತು. ನಿವೃತ್ತ ಮೇಷ್ಟ್ರೊಬ್ಬರ ಡ್ಯಾಷ್‌ಹೌಂಡ್, ಒಂಬತ್ತು ವರ್ಷ. "ಮೂರು ತಿಂಗಳಿಂದ ಸೀನ್ತಾನೇ ಇದೆ ಮೇಡಂ, ಒಂದೊಂದ್ಸಲ ಮೂಗಲ್ಲಿ ರಕ್ತ" ಎಂದರು. ನೆಗಡಿ, ಅಲರ್ಜಿ ಎಂದು ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟದ್ದೂ ಆಗಿತ್ತು. ಅದರಲ್ಲಿ ಒಂದು ಸಲ ಕೊಟ್ಟವರು ಡಾಕ್ಟರಮ್ಮನೇ. ಹಲ್ಲು ನೋಡಿದರೆ ಸ್ವಚ್ಛ. ಮೇಷ್ಟ್ರು ವಾರಕ್ಕೆರಡು ಸಲ ಉಜ್ಜುತ್ತಿದ್ದರು. ಅರಿವಳಿಕೆ ಕೊಟ್ಟು ಮಲಗಿಸಿ, ಬಲಗಡೆಯ ಮೇಲಿನ ಕೋರೆಹಲ್ಲಿನ ಹೊರಬದಿ ಅಳೆದಾಗ ಎರಡು, ಎರಡು, ಎರಡು. ಹಲ್ಲು ಕಲ್ಲಿನಂತೆ ಗಟ್ಟಿ.

"ನೂರ ನಾಲ್ಕು, ಒಳಗಡೆ?" ಎಂದ ಹುಡುಗ.

ತುಟಿ ಎತ್ತಿದರೆ ಒಳಬದಿ ಕಾಣುವುದಿಲ್ಲ. ಅಂಗುಳದ ಕಡೆಗೆ ತಲೆ ಹೊರಳಿಸಬೇಕು. ಡಾಕ್ಟರಮ್ಮ ಹೊರಳಿಸಿ ಪ್ರೋಬ್ ಇಳಿಸಿದರು. ಮೂರನೇ ಗೆರೆ ಮುಳುಗಿತು, ಐದು ಮುಳುಗಿತು, ಏಳು, ಎಂಟು. ಹತ್ತೂ ಮುಳುಗಿತು. ಮರುಗಳಿಗೆ ಬಲ ಹೊಳ್ಳೆಯಿಂದ ರಕ್ತದ ಒಂದು ತೆಳು ಎಳೆ ಇಳಿಯಿತು. ಕೋರೆಹಲ್ಲಿನ ಬೇರಿಗೂ ಮೂಗಿನ ಗೂಡಿಗೂ ನಡುವೆ ಇರುವ ಮೂಳೆ ಬಹಳ ತೆಳು. ರೋಗ ಅಂಗುಳದ ಕಡೆಯಿಂದ ಅದನ್ನು ಕೊರೆದು ಬಾಯಿಗೂ ಮೂಗಿಗೂ ದಾರಿ ಮಾಡಿತ್ತು. ಡ್ಯಾಷ್‌ಹೌಂಡಿನಂಥ ಉದ್ದಮೂತಿಯ ಸಣ್ಣ ನಾಯಿಗಳಲ್ಲಿ ಇದು ಪಠ್ಯಪುಸ್ತಕದ ಕತೆ. ಹಲ್ಲು ತೆಗೆದು, ವಸಡಿನ ಮಡಿಕೆ ಎಳೆದು ತೂತು ಮುಚ್ಚಿ ಹೊಲಿದರು. ಹೊಲಿಗೆ ಮಾಗಿದ ಮೇಲೆ ನಾಯಿ ಸೀನುವುದು ನಿಂತಿತು. ಮೇಷ್ಟ್ರು ಹಾಳೆಯ ಜೆರಾಕ್ಸ್ ಕೇಳಿ ತೆಗೆದುಕೊಂಡು ಹೋದರು, ಮಾರ್ಕ್ಸ್ ಕಾರ್ಡಿನಂತೆ ಮಡಿಸಿ.

ಈ ಹಾಳೆಯ ಒಂದು ಅಂಕಣದ ಹಿಂದಿನ ಚರಿತ್ರೆ ಡಾಕ್ಟರಮ್ಮನಿಗೆ ಬಹಳ ಪ್ರಿಯ. ವಸಡಿನ ಉರಿಯೂತಕ್ಕೆ 0ಯಿಂದ 3ರವರೆಗೆ ಅಂಕ ಕೊಡುವ ಪದ್ಧತಿಯನ್ನು 1963ರಲ್ಲಿ ಹರಾಲ್ಡ್ ಲೋಯೆ ಮತ್ತು ಜಾನ್ ಸಿಲ್ನೆಸ್ ರೂಪಿಸಿದ್ದು ಗರ್ಭಿಣಿಯರ ವಸಡು ಅಳೆಯಲಿಕ್ಕೆ. ಬಸುರಿ ಹೆಂಗಸರ ಬಾಯಿಗೆಂದು ಹುಟ್ಟಿದ ಅಂಕ ಇಂದು ಬೀದಿನಾಯಿಯ ಬಾಯಿಗೂ ಸಲ್ಲುತ್ತಿದೆ. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಲ್ಲ. 1975ರಲ್ಲಿ ಲಿಂಧೆ, ಹ್ಯಾಂಪ್ ಮತ್ತು ಅದೇ ಲೋಯೆ ಪ್ರಕಟಿಸಿದ ನಾಲ್ಕು ವರ್ಷದ ಅಧ್ಯಯನ ನಡೆದದ್ದು ಬೀಗಲ್ ನಾಯಿಗಳ ಮೇಲೆ. ಹಲ್ಲಿನ ಮೇಲೆ ಕಟ್ಟುವ ಪಾಚಿ ತೆಗೆಯುತ್ತ ಬಂದ ನಾಯಿಗಳ ವಸಡು ಚೆನ್ನಾಗಿ ಉಳಿಯಿತು. ಪಾಚಿ ಕಟ್ಟಲು ಬಿಟ್ಟವುಗಳಲ್ಲಿ ಮೊದಲು ವಸಡು ಊದಿ, ಆಮೇಲೆ ಹಲವಕ್ಕೆ ಮೂಳೆಯೇ ಕರಗತೊಡಗಿತು. ಮನುಷ್ಯರ ದಂತವೈದ್ಯರು ಇವತ್ತು "ದಿನಾ ಉಜ್ಜಿ" ಎಂದು ಹೇಳುವ ಮಾತಿನಲ್ಲಿ ಆ ನಾಯಿಗಳ ಪಾಲೂ ಇದೆ.

2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ಮನೆಮಾತಾದ ಮೇಲೆ ಕ್ಲಿನಿಕ್ಕಿಗೆ ಪಗ್‌ಗಳ ಸಾಲು ಶುರುವಾಯಿತು. ಮೂತಿ ಗಿಡ್ಡವಾದರೂ ಹಲ್ಲಿನ ಸಂಖ್ಯೆ 42ರಿಂದ ಇಳಿಯಲಿಲ್ಲವಲ್ಲ! ಜಾಗ ಸಾಲದೆ ಹಲ್ಲುಗಳು ಅಡ್ಡಡ್ಡ ತಿರುಗಿ ಒತ್ತರಿಸಿಕೊಂಡಿರುತ್ತವೆ, ಸಂದಿಯಲ್ಲಿ ಕೂದಲು, ಅನ್ನದಗಳು ಸಿಕ್ಕಿ ಪಾಚಿ ಬೆಳೆಯುತ್ತದೆ. ಎರಡು-ಮೂರು ವರ್ಷದ ಪಗ್‌ನಲ್ಲೇ ಎರಡನೇ ಹಂತ ಬರೆಯಬೇಕಾಗಿ ಬಂದಾಗ ಅವರಿಗೆ ಸಂಕಟವಾಗುತ್ತಿತ್ತು.

ಬಾಕ್ಸರ್ ನಾಯಿಯ ಕತೆ ಇದಕ್ಕೆ ತಿರುಗುಮುರುಗು. ಒಂದರಲ್ಲಿ ಪ್ರೋಬ್ ಆರು ಮಿ.ಮೀ. ಇಳಿದಾಗ ಹಲ್ಲು ಹೋಯಿತೆಂದೇ ಎಣಿಸಿದ್ದರು. ಎಕ್ಸ್-ರೇಯಲ್ಲಿ ಮೂಳೆ ಇದ್ದಲ್ಲೇ ಇತ್ತು. ವಸಡೇ ಬೆಳೆದು ಹಲ್ಲಿನ ಮೇಲೆ ಹತ್ತಿತ್ತು, ಆಳ ಕೆಳಗೆ ಇಳಿದದ್ದಲ್ಲ. ಬೇರೊಂದು ನಾಯಿಯಲ್ಲಿ ಆಳ ಬರೀ ಮೂರು. ಆದರೆ ವಸಡು ನಾಲ್ಕು ಮಿ.ಮೀ. ಸರಿದು ಬೇರು ಬಯಲಾಗಿತ್ತು, ಅಂದರೆ ಕಳೆದುಕೊಂಡದ್ದು ಏಳು. ಆರು ಬಂದ ಹಲ್ಲು ಉಳಿಯಿತು, ಮೂರು ಬಂದದ್ದು ಹೋಯಿತು.

ಬೆಕ್ಕುಗಳ ವಿಷಯದಲ್ಲಿ ಕಡ್ಡಿಯೂ ಸಾಲದು. ಅವುಗಳ ಹಲ್ಲನ್ನು ದೇಹವೇ ಕರಗಿಸುವ ಒಂದು ರೋಗವಿದೆ. ಮೇಲೆ ವಸಡಿನ ಒಂದು ಕೆಂಪು ಚುಕ್ಕಿ ಕಾಣಬಹುದು, ಅಷ್ಟೇ. ಅರಿವಳಿಕೆಯಲ್ಲಿದ್ದರೂ ಆ ಚುಕ್ಕಿಯನ್ನು ಮುಟ್ಟಿದರೆ ಕೆಳದವಡೆ ಕಟಕಟ ನಡುಗುತ್ತದೆ. ತಿನ್ನುವುದನ್ನು ಬಿಡದ, ಕೂಗದ ಪ್ರಾಣಿ ಎಷ್ಟು ದಿನದಿಂದ ಆ ನೋವು ನುಂಗಿತ್ತೋ ಎಂದು ಮೊದಲ ಸಲ ಅದನ್ನು ಕಂಡ ರಾತ್ರಿ ಡಾಕ್ಟರಮ್ಮನಿಗೆ ನಿದ್ದೆ ಬರಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಿಂದ ಬಂದ ಎರಡು ಅಧ್ಯಯನಗಳು ಬಾಯಿ ಪೂರ್ತಿ ಎಕ್ಸ್-ರೇ ತೆಗೆದು ನೋಡಿದ್ದವು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದುಕೊಂಡ ಕಡೆಯೂ ಚಿಕಿತ್ಸೆ ಬೇಕಾದ ದೋಷ ನಾಯಿಗಳಲ್ಲಿ ಸುಮಾರು ಶೇ. 28ರಷ್ಟು, ಬೆಕ್ಕುಗಳಲ್ಲಿ ಸುಮಾರು ಶೇ. 42ರಷ್ಟು ಸಿಕ್ಕಿತು. ಅದನ್ನು ಓದಿದ ವರ್ಷವೇ ಅವರು ಮನುಷ್ಯರ ದಂತ ಚಿಕಿತ್ಸಾಲಯದಲ್ಲಿ ಬಳಸಿದ ಒಂದು ಹಳೆಯ ಯಂತ್ರವನ್ನು ಸಾಲ ಮಾಡಿ ಕೊಂಡರು.

"ಅನಸ್ತೇಶಿಯಾ ಕೊಟ್ರೆ ಎದ್ದೇಳುತ್ತಾ ಮೇಡಂ?" ಮನೆಯವರ ಈ ಪ್ರಶ್ನೆಯನ್ನು ಅವರು ಎಂದೂ ಹಗುರವಾಗಿ ಕಂಡಿಲ್ಲ. ರಕ್ತಪರೀಕ್ಷೆ, ಉಸಿರಿನ ಕೊಳವೆ, ಗಂಟಲಿಗೆ ನೀರಿಳಿಯದಂತೆ ಹತ್ತಿಬಟ್ಟೆ, ಒದ್ದೆಯಾಗಿ ತಣ್ಣಗಾಗುವ ಸಣ್ಣ ಮೈಗೆ ಬೆಚ್ಚಗಿನ ಹೊದಿಕೆ, ಒಂದೊಂದನ್ನೂ ಬಿಡಿಸಿ ಹೇಳುತ್ತಾರೆ. ಎಚ್ಚರವಿರುವಾಗಲೇ ಹಿಡಿದು ಕಿಟ್ಟ ಕೆರೆದು ಕೊಡುವವರು ನಗರಗಳಲ್ಲಿ ಈಗ ಇದ್ದಾರೆ. ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘ 2020ರಲ್ಲಿ ಪ್ರಕಟಿಸಿದ ದಂತ ಮಾರ್ಗಸೂಚಿ ಅದನ್ನು ಖಡಾಖಂಡಿತವಾಗಿ ವಿರೋಧಿಸುತ್ತದೆ. ಡಾಕ್ಟರಮ್ಮನದೂ ಅದೇ ನಿಲುವು. ಎಚ್ಚರದ ನಾಯಿ ವಸಡಿನ ಕೆಳಗೆ ಕಡ್ಡಿ ಇಳಿಸಲು ಬಿಡುವುದಿಲ್ಲ. ರೋಗ ಇರುವುದೋ ಅಲ್ಲೇ. ಮೇಲಿನದಷ್ಟನ್ನೇ ಬಿಳಿ ಮಾಡಿದರೆ ತಮ್ಮ 1996ರ ರಿಜಿಸ್ಟರಿನ ಸಾಲಿಗೆ ವಾಪಸು ಹೋದಂತೆ ಎನ್ನುತ್ತಾರೆ ಅವರು.

ಹಿಂದಿನ ಬೀದಿಯ ಅಮ್ಮ ಮತ್ತೆ ಬಂದದ್ದು 2012ರಲ್ಲಿ. ಈಗ ಕೋಲು ಹಿಡಿದಿದ್ದರು. ಮೊಮ್ಮಗಳ ತೋಳಲ್ಲಿ ಇನ್ನೊಂದು ಪಾಮೇರಿಯನ್, ಬಿಳಿ, ಹತ್ತು ವರ್ಷ. ಅದೇ ವಾಸನೆ. ಅಮ್ಮ ಏನೂ ಹೇಳಲಿಲ್ಲ, ಬೆಂಚಿನ ಮೇಲೆ ಕೂತು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು.

ಒಳಗೆ ಹುಡುಗ ಹಾಳೆ ಹಿಡಿದು ನಿಂತ. ಮೇಲಿನ ಸಾಲು ಮುಗಿದು ಕೆಳಗಿನ ಎಡಕ್ಕೆ ಬಂದರು. "ಮುನ್ನೂರ ಒಂಬತ್ತು. ಹೊರಗೆ ಐದು, ಏಳು, ಎಂಟು. ಒಳಗೆ ಐದು, ಏಳು, ಏಳು. ಎಫ್ ಮೂರು, ಎಂ ಎರಡು." ಹುಡುಗ ಬರೆದು ತಲೆಯೆತ್ತಿದ. ಎಕ್ಸ್-ರೇಯಲ್ಲಿ ಹಿಂದಿನ ಬೇರಿನ ತುದಿಯ ಕೆಳಗೆ ಉಳಿದಿದ್ದ ಮೂಳೆ ಒಂದು ದಾರದಷ್ಟು. ಡಾಕ್ಟರಮ್ಮ ಇಕ್ಕಳ ಮುಟ್ಟಲಿಲ್ಲ. ವಸಡು ಬಿಡಿಸಿ, ಡ್ರಿಲ್ಲಿನಿಂದ ಹಲ್ಲನ್ನು ಕವಲಿನಲ್ಲಿ ಎರಡು ಸೀಳು ಮಾಡಿ, ಎಡಗೈಯಲ್ಲಿ ದವಡೆಗೆ ಕೆಳಗಿನಿಂದ ಆಸರೆ ಕೊಟ್ಟು, ಒಂದೊಂದೇ ಬೇರನ್ನು ಸಣ್ಣ ಎಲಿವೇಟರಿನಿಂದ ಸಡಿಲಿಸುತ್ತ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಎರಡನೇ ಬೇರು ಬಂದ ಮೇಲೆ ಮತ್ತೊಂದು ಎಕ್ಸ್-ರೇ ತೆಗೆದರು. ದಾರದಂಥ ಗೆರೆ ತುಂಡಾಗದೆ ಹಾಗೇ ಇತ್ತು. ಹುಡುಗ 309ರ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿದ.

ಹೊರಗೆ ಬಂದಾಗ ಅಮ್ಮ ಎದ್ದು ನಿಂತಿದ್ದರು.

"ದವಡೆ?" ಎಂದರು.

"ಗಟ್ಟಿಯಾಗಿದೆ ಅಮ್ಮ" ಎಂದು ಡಾಕ್ಟರಮ್ಮ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರಿಗೆ ಆ ಗೆರೆ ತೋರಿಸಿದರು.